ಪಕ್ಕದ ತಟ್ಟೆಯ ಮೊಟ್ಟೆ

ಮದುವೆಮನೆಯ ಪಂಕ್ತಿಯಲ್ಲಿ ಒಬ್ಬರು ‘ಉಳ್ಳಾಗಡ್ಡಿ ಹಾಕಿದ್ದು ನನಗೆ ಬೇಡ’ ಎಂದರೆ ಸಾಕು, ಪಕ್ಕದವರ ಮುಖ ಬಿಗಿಯುತ್ತದೆ. ‘ಯಾಕ್ರೀ, ನಾವೇನು ತಿನ್ನಬಾರದ್ದು ತಿಂತೀವೇನು?’ ಎಂಬ ಮಾತು ಹೊರಬೀಳುತ್ತದೆ. ಬೇಡವೆಂದವರು ಯಾರನ್ನೂ ಬೈದಿರುವುದಿಲ್ಲ. ಬೈದಂತೆ ಕೇಳಿಸಿರುತ್ತದೆ, ಅಷ್ಟೆ.

2021ರ ಡಿಸೆಂಬರಿನಲ್ಲಿ ಈ ಪಂಕ್ತಿಯ ಮುನಿಸು ಶಾಲೆಯ ಅಂಗಳಕ್ಕೇ ಬಂತು. ಬಳ್ಳಾರಿಯೂ ಸೇರಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಬೇಯಿಸಿದ ಮೊಟ್ಟೆ ಕೊಡಲು ಸರ್ಕಾರ ಮುಂದಾಯಿತು. ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚಾಗಿದ್ದುದೇ ಇದಕ್ಕೆ ಕಾರಣ. ಒಲ್ಲದವರಿಗೆ ಬಾಳೆಹಣ್ಣು ಇತ್ತು. ಬಲವಂತದ ಮಾತೇ ಇರಲಿಲ್ಲ. ಆದರೂ ಕೆಲವು ಲಿಂಗಾಯತ ಮಠಾಧೀಶರು ವಿರೋಧಿಸಿದರು. ಸಸ್ಯಾಹಾರಿ ಮಕ್ಕಳಿಗೆ ಬೇರೆ ಶಾಲೆಯನ್ನೇ ತೆರೆಯಿರಿ ಎಂಬ ಬೇಡಿಕೆಯೂ ಬಂತು. ಇತ್ತ ನೆರೆಯ ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು, ಮೊಟ್ಟೆ ನಿಲ್ಲಿಸಿದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಸವಾಲು ಹಾಕಿದಳು.

ತನ್ನ ತಟ್ಟೆಗೆ ಬೀಳದ ಮೊಟ್ಟೆಯ ಬಗ್ಗೆ ಇಷ್ಟೊಂದು ಸಿಟ್ಟೇಕೆ?

ತಾನು ಸರಿ ಎಂಬ ನಂಬಿಕೆಗೆ ಒಗ್ಗದ ಸಂಗತಿ ಎದುರಾದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ, ಅದನ್ನು ಕಳೆದುಕೊಳ್ಳಲು ಅದು ದಾರಿ ಹುಡುಕುತ್ತದೆ ಎಂದು ಲಿಯಾನ್ ಫೆಸ್ಟಿಂಜರ್ 1957ರಲ್ಲೇ ವಿವರಿಸಿದ್ದ. ಎದುರಿನವರನ್ನು ಹಳಿಯುವುದು ಎಲ್ಲಕ್ಕಿಂತ ಸುಲಭದ ದಾರಿ. 2012ರಲ್ಲಿ ಜೂಲಿಯಾ ಮಿನ್ಸನ್ ಮತ್ತು ಬೆನ್ವಾ ಮೋನಿನ್ ಅಮೆರಿಕದ ಮಾಂಸಾಹಾರಿಗಳನ್ನು ಸಸ್ಯಾಹಾರಿಗಳ ಬಗ್ಗೆ ಕೇಳಿದಾಗ ಸುಮಾರು ಅರ್ಧದಷ್ಟು ಮಂದಿ ಏನಾದರೊಂದು ಕೊಂಕು ಮಾತು ಆಡಿದರು. ‘ಅವರು ನನ್ನನ್ನು ಕೀಳಾಗಿ ಕಾಣುತ್ತಾರೆ’ ಎಂಬ ಶಂಕೆಯೇ ಕೊಂಕಿನ ಮೂಲ. ಸಸ್ಯಾಹಾರಿಗಳು ನಿಜಕ್ಕೂ ಅಷ್ಟು ಕೀಳಾಗಿ ಕಂಡಿರಲಿಲ್ಲ.

ದೊಡ್ಡಬಸವೇಶ್ವರನ ಕುರುಗೋಡಿರಲಿ, ಭತ್ತದ ಸೀಮೆ ಸಿರುಗುಪ್ಪವಿರಲಿ, ಬಳ್ಳಾರಿ ನಗರವೇ ಇರಲಿ, ತಿನ್ನುವವರೂ ಒಲ್ಲದವರೂ ಅಕ್ಕಪಕ್ಕದಲ್ಲೇ ಬಾಳಿದ್ದಾರೆ. ಯಾರ ಒಲೆಯ ಮೇಲೆ ಏನು ಬೇಯುತ್ತದೆಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಂತೆ ಇರುವುದೇ ಊರಿನ ನಯ. ಶಾಲೆಯ ಸಾಲಿನಲ್ಲಿ ಆ ತೆರೆ ಇಲ್ಲ. ಮನೆಗೆ ಬಂದ ಮಗು, ‘ಅವರು ತಿಂತಾರೆ, ನಾವ್ಯಾಕೆ ತಿನ್ನಲ್ಲ?’ ಎನ್ನುತ್ತದೆ. ತಲೆಮಾರುಗಳಿಂದ ಯಾರಿಗೂ ಉತ್ತರ ಹೇಳಬೇಕಾಗಿರದ ಅಭ್ಯಾಸಕ್ಕೆ ಆಗ ಕಾರಣ ಹುಡುಕಬೇಕು. ‘ನಮ್ಮಲ್ಲಿ ನಡೆದುಬಂದದ್ದು’ ಎಂಬುದರ ಆಚೆಗೆ ಕಾರಣ ಸಿಗದಿದ್ದಾಗ ಸಿಟ್ಟು ಮೊಟ್ಟೆಯ ಮೇಲೆ ತಿರುಗುತ್ತದೆ.

ಹಾಗೆಂದು ಎರಡೂ ಕಡೆಯ ಸಿಟ್ಟನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಮೆರಿಕದ ಮಾಂಸಾಹಾರಿ ಊಹಿಸಿಕೊಂಡ ತಿರಸ್ಕಾರವನ್ನು ಇಲ್ಲಿ ಎಷ್ಟೋ ಜಾತಿಗಳು ನಿಜವಾಗಿಯೇ ಉಂಡಿವೆ. ತಿನ್ನುವ ಪದಾರ್ಥ ನೋಡಿ ಬಾಡಿಗೆಗೆ ಮನೆ ಇಲ್ಲವೆನ್ನುವುದು ಇಂದಿಗೂ ಇದೆ. ಮಠದವರ ಆತಂಕ ಆಚಾರದ್ದಾದರೆ, ಆ ಹುಡುಗಿಯ ಮಾತಿನಲ್ಲಿದ್ದದ್ದು ಹಸಿವು ಮತ್ತು ಮರ್ಯಾದೆ.

ಮೊಟ್ಟೆ ನಿಲ್ಲಲಿಲ್ಲ. 2022ರಲ್ಲಿ ಅದು ರಾಜ್ಯದ ಉಳಿದ ಜಿಲ್ಲೆಗಳಿಗೂ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಒಲ್ಲದ ಮಕ್ಕಳಿಗೆ ಬಾಳೆಹಣ್ಣೂ ಉಳಿದುಕೊಂಡಿತು.