ಮೆಷಿನ್ ತೆಗೆದರೆ ಪಾಪವೇ?

"ಸಿಸ್ಟರ್, ಮೆಷಿನ್ ತೆಗೆದ್ರೆ ಅಪ್ಪನ್ನ ನಾವೇ ಕೊಂದ ಹಾಗೆ ಆಗೂದಿಲ್ವಾ?"

ಐಸಿಯು ಬಾಗಿಲಲ್ಲಿ ಮಕ್ಕಳು ಹೀಗೆ ಕೇಳುತ್ತಾರೆ. ಕಾನೂನಿಗಿಂತ ಹೆಚ್ಚಾಗಿ ಪಾಪಕ್ಕೆ ಹೆದರಿರುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವನ್ನು ಈ ಹೆದರಿಕೆಯಲ್ಲಿ ನಾನು ಕಂಡಿಲ್ಲ. ವಿಷದ ಇಂಜೆಕ್ಷನ್ ಕೊಟ್ಟು ಪ್ರಾಣ ತೆಗೆಯುವುದನ್ನು ನಮ್ಮ ಕಾನೂನು ಇವತ್ತಿಗೂ ಒಪ್ಪುವುದಿಲ್ಲ. ನಮ್ಮ ನಡುವಿನ ಧರ್ಮಗಳೂ ಒಪ್ಪುವುದಿಲ್ಲ. ಆದರೆ ಹೋಗುವ ಜೀವವನ್ನು ಹೋಗಗೊಡುವುದು ಕೊಲೆಯಲ್ಲ ಎಂಬ ತಿಳಿವಳಿಕೆ ನಮ್ಮ ನೆಲದಲ್ಲಿ ಬಹಳ ಹಳೆಯದು.

ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿ ನೋಡಿ. ಜೈನರ ಸಲ್ಲೇಖನ ವ್ರತ ಹಿಡಿದು, ಉಪವಾಸವಿದ್ದು ದೇಹ ಬಿಟ್ಟವರ ಹೆಸರುಗಳು ಬಂಡೆಬಂಡೆಯ ಮೇಲಿವೆ. ಗಂಗ ದೊರೆ ಮಾರಸಿಂಹ ರಾಜ್ಯ ತ್ಯಜಿಸಿ, ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡದ್ದನ್ನು ಚಿಕ್ಕಬೆಟ್ಟದ ಕಂಬದ ಶಾಸನ ಹೇಳುತ್ತದೆ. ಹೊಯ್ಸಳ ರಾಣಿ ಶಾಂತಲೆ ತೀರಿಕೊಂಡ ಮೇಲೆ ಅವಳ ತಾಯಿ ಮಾಚಿಕಬ್ಬೆಯೂ ಬೆಳಗೊಳದಲ್ಲಿ ಹೀಗೆಯೇ ಹೋದಳು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರವರಿಯಲ್ಲಿ ಛತ್ತೀಸಗಢದಲ್ಲಿ ಸಲ್ಲೇಖನದಿಂದಲೇ ದೇಹ ಬಿಟ್ಟರು.

ಬೇಕೆಂದಾಗ ಯಾರು ಬೇಕಾದರೂ ಕೈಗೊಳ್ಳುವ ವ್ರತ ಇದಲ್ಲ. ಪಾರಾಗಲಾಗದ ಆಪತ್ತು, ಬರಗಾಲ, ಮುಪ್ಪು, ವಾಸಿಯಾಗದ ರೋಗ ಇವುಗಳಲ್ಲಿ ಒಂದಿರಬೇಕು. ಗುರುವಿನ ಅನುಮತಿ ಬೇಕು. ಊಟವನ್ನು ಹಂತಹಂತವಾಗಿ ಬಿಡಬೇಕು. ಬದುಕು ಇನ್ನೂ ಬೇಕೆನ್ನುವ ಆಸೆಯ ಹಾಗೆಯೇ ಬೇಗ ಸಾಯಬೇಕೆನ್ನುವ ಆಸೆಯೂ ಇಲ್ಲಿ ದೋಷ. ಆದ್ದರಿಂದಲೇ ಜೈನರು ಇದನ್ನು ದಯಾಮರಣವೆಂದು ಕರೆಯಲು ಒಪ್ಪುವುದಿಲ್ಲ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಇದು ಆತ್ಮಹತ್ಯೆ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಬೇರೆ ಧರ್ಮಗಳಲ್ಲೂ ಇಂಥ ಮಾತಿದೆ. ಪೋಪ್ ಹನ್ನೆರಡನೇ ಪಯಸ್ 1957ರಲ್ಲೇ, ಅಸಾಧಾರಣ ಚಿಕಿತ್ಸೆಯನ್ನು ಮುಂದುವರಿಸಲೇಬೇಕೆಂಬ ಕಟ್ಟುಪಾಡಿಲ್ಲ ಎಂದಿದ್ದರು. ಪ್ರಾಣ ಅಲ್ಲಾಹನ ಅಮಾನತ್ತು ಎನ್ನುವ ಮುಸ್ಲಿಂ ವಿದ್ವಾಂಸರಲ್ಲೂ ಫಲವಿಲ್ಲದ ಚಿಕಿತ್ಸೆ ನಿಲ್ಲಿಸಬಹುದು ಎನ್ನುವವರಿದ್ದಾರೆ.

ಸಂಪ್ರದಾಯವೆಂದ ಮಾತ್ರಕ್ಕೆ ಎಲ್ಲವೂ ಕರುಣೆಯಲ್ಲ. ತಮಿಳುನಾಡಿನ ದಕ್ಷಿಣದ ಕೆಲವು ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಮುದುಕರಿಗೆ ಎಣ್ಣೆ ಹಚ್ಚಿ, ತಣ್ಣೀರು ಹೊಯ್ದು, ಎಳನೀರು ಕುಡಿಸಿ ಸಾಯಿಸುವ 'ತಲೈಕೂತಲ್' ಇತ್ತು. ಅದು ಕೊಲೆ. ಮುದುಕರ ಇಷ್ಟವನ್ನು ಅಲ್ಲಿ ಕೇಳುವವರು ಯಾರು?

ನನಗೆ ಮುಖ್ಯವಾಗಿ ಕಾಣುವುದು ಇದೇ ಪ್ರಶ್ನೆ. ನಮ್ಮ ಹೊನ್ನಾವರ ಸೀಮೆಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರಲ್ಲಿ ಆದ ಹಲ್ಲೆಯಿಂದ ಮಿದುಳು ಘಾಸಿಗೊಂಡು 42 ವರ್ಷ ಮಲಗಿದಲ್ಲೇ ಇದ್ದರು. ದಯಾಮರಣ ಕೊಡಿಸಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ನಮ್ಮ ಅರುಣಾ ಬದುಕಿರಲಿ ಎಂದು ಅವರಿಗೆ ಉಣಿಸಿ, ಮೀಯಿಸಿದ ನರ್ಸುಗಳು ಹೇಳಿದರು. 2011ರಲ್ಲಿ ಸುಪ್ರೀಂ ಕೋರ್ಟ್ ನರ್ಸುಗಳ ಮಾತಿಗೆ ಬೆಲೆ ಕೊಟ್ಟಿತು. ಅದೇ ತೀರ್ಪಿನಲ್ಲಿ, ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಲು ದಾರಿಯನ್ನೂ ತೆರೆಯಿತು. ಆ ನರ್ಸುಗಳ ಆರೈಕೆಗೆ ನಾನು ಕೈ ಮುಗಿಯುತ್ತೇನೆ. ಆದರೆ ಅರುಣಾ ಅವರಿಗೆ ಏನು ಬೇಕಿತ್ತೋ, ಅದನ್ನು ಹೇಳಲು ಅವರಿಗೆ ಮಾತೇ ಉಳಿದಿರಲಿಲ್ಲ.

ಮಾಚಿಕಬ್ಬೆ ತನ್ನ ನಿರ್ಧಾರವನ್ನು ತಾನೇ ಮಾಡಿದಳು. ಇಂದು ಅಪ್ಪ ಅಮ್ಮ ಹೇಳದೆ ಹೋದದ್ದನ್ನು ಐಸಿಯು ಹೊರಗೆ ನಿಂತ ಮಕ್ಕಳು ಊಹಿಸಬೇಕು. ಆ ಭಾರ ಆಮೇಲೆ ಅವರನ್ನು ಬಿಡುವುದಿಲ್ಲ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಜೀವಂತ ಉಯಿಲಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟಿತು, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ನಮ್ಮ ಕರ್ನಾಟಕವೂ ಇದರ ಜಾರಿಗೆ ಆದೇಶ ಹೊರಡಿಸಿತು. ಚಿಕಿತ್ಸೆ ನಿಲ್ಲಿಸಲು ಎರಡು ವೈದ್ಯ ಮಂಡಳಿಗಳು ಒಪ್ಪಬೇಕು.

ಮಾತಾಡುವ ಶಕ್ತಿ ಇರುವಾಗಲೇ ಮಕ್ಕಳನ್ನು ಕೂರಿಸಿಕೊಂಡು ಹೇಳಿ, ಬರೆದೂ ಇಡಿ. ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು.