ಕುಳಿತಲ್ಲೇ ಹಾರಾಟ: ತಲೆ ಸುತ್ತುವುದೇಕೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಬಸ್ಸಿನಲ್ಲಿ ಉಡುಪಿಗೆ ಹೋಗುವವರಿಗೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಪರಿಚಯಿಸಬೇಕಾಗಿಲ್ಲ. ಕೈಯಲ್ಲಿ ನಿಂಬೆಹಣ್ಣು ಹಿಡಿದೇ ಬಸ್ಸು ಹತ್ತುವವರು ಮನೆಗೊಬ್ಬರಾದರೂ ಇರುತ್ತಾರೆ. ಅದೇ ತಲೆಸುತ್ತು, ಅದೇ ಓಕರಿಕೆ ಮನೆಯೊಳಗೆ ಕುರ್ಚಿಯಲ್ಲಿ ಕುಳಿತವರಿಗೂ ಬರಬಹುದು. ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಅನ್ನು ಕಣ್ಣಿಗೆ ಕಟ್ಟಿಕೊಂಡು ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ವಿಮಾನ ಹಾರಿಸುವ ಹವ್ಯಾಸ ಈಗ ಮನೆಗಳಿಗೂ ಬಂದಿದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಈ ಸೌಲಭ್ಯ ಸೇರಿದ್ದು 2020ರ ಡಿಸೆಂಬರಿನಲ್ಲಿ.

ಆಟ ಮುಗಿಸಿದ ಮಗ ಬೆವರುತ್ತಾ, ಬಾಯಲ್ಲಿ ನೀರೂರಿಸಿಕೊಂಡು ಮಲಗಿಬಿಟ್ಟರೆ ಮನೆಯವರು 'ಪಿತ್ತ ಕೆರಳಿದೆ' ಎನ್ನುತ್ತಾರೆ. ಆದರೆ ತೊಂದರೆ ಇರುವುದು ಹೊಟ್ಟೆಯಲ್ಲಲ್ಲ.

ಕಾರಣವೇನು?

ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಈ ದ್ರವದ ಚಲನೆ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕಣ್ಣೂ ತನ್ನ ವರದಿ ಒಪ್ಪಿಸುತ್ತದೆ. ಎರಡೂ ತಾಳೆಯಾದರೆ ಕ್ಷೇಮ. ಬಸ್ಸಿನಲ್ಲಿ ಪುಸ್ತಕ ಓದುವಾಗ ಕಿವಿ 'ಚಲನೆಯಿದೆ' ಎನ್ನುತ್ತದೆ, ಕಣ್ಣು 'ಇಲ್ಲ' ಎನ್ನುತ್ತದೆ. ಹೆಡ್‌ಸೆಟ್‌ನಲ್ಲಿ ಇದು ತಿರುಗುಮುರುಗು: ಕಣ್ಣಿಗೆ ವಿಮಾನ ವಾಲುತ್ತಿದೆ, ಕಿವಿಗೆ ದೇಹ ಕುರ್ಚಿಯಲ್ಲೇ ಇದೆ. ಈ ಜಗಳಕ್ಕೆ ದೇಹ ಕೊಡುವ ಉತ್ತರವೇ ಓಕರಿಕೆ.

ಇದು ಹೊಸ ಕಾಯಿಲೆಯಲ್ಲ. ಹೆಲಿಕಾಪ್ಟರ್ ತರಬೇತಿಯ ಸಿಮ್ಯುಲೇಟರ್‌ನಲ್ಲಿ ಇದು ಕಂಡುಬಂದ ಬಗ್ಗೆ ಅಮೆರಿಕದಲ್ಲಿ 1957ರಲ್ಲೇ ವರದಿಯಾಗಿತ್ತು. ನಮ್ಮ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾದದ್ದೂ ಅದೇ ವರ್ಷ. 2019ರಲ್ಲಿ ಗಗನಯಾನದ ಅಭ್ಯರ್ಥಿಗಳ ವೈದ್ಯಕೀಯ ಪರೀಕ್ಷೆ ನಡೆದದ್ದು ಅಲ್ಲಿಯೇ.

ಅಂದಕ್ಕಿಂತ ಸ್ಥಿರತೆ ಮುಖ್ಯ

ಹೆಡ್‌ಸೆಟ್ ತಂದವರು ಮೊದಲು ಮಾಡುವ ಕೆಲಸವೆಂದರೆ ಮೋಡ, ಮರ, ನೆರಳು ಎಲ್ಲವನ್ನೂ ಅತ್ಯುತ್ತಮ ದರ್ಜೆಗೆ ಏರಿಸುವುದು. ತೊಂದರೆ ಹೆಚ್ಚುವುದು ಇಲ್ಲಿಂದ. ತಲೆ ಹೊರಳಿಸಿದೊಡನೆ ಕಂಪ್ಯೂಟರು ಎರಡೂ ಕಣ್ಣಿಗೆ ಹೊಸ ಚಿತ್ರ ಬರೆಯಬೇಕು. ಸೆಕೆಂಡಿಗೆ 90 ಚಿತ್ರ ತೋರಿಸುವ ಹೆಡ್‌ಸೆಟ್‌ನಲ್ಲಿ ಪ್ರತಿ ಚಿತ್ರಕ್ಕೆ ಸಿಗುವ ಸಮಯ ಸುಮಾರು 11 ಮಿಲಿಸೆಕೆಂಡ್. ಕಂಪ್ಯೂಟರಿಗೆ ಅದು ಸಾಲದಿದ್ದರೆ ಚಿತ್ರ ತಲೆಯ ಹಿಂದೆ ತಡವರಿಸುತ್ತಾ ಬರುತ್ತದೆ. ಮೊದಲೇ ಇರುವ ಜಗಳಕ್ಕೆ ಇನ್ನೊಂದು ಸೇರುತ್ತದೆ.

ಆದ್ದರಿಂದ ಎಲ್ಲವನ್ನೂ ಕೆಳದರ್ಜೆಯಲ್ಲಿಟ್ಟು ಆರಂಭಿಸಿ. ದೊಡ್ಡ ನಗರವೊಂದರ ಮೇಲೆ ತಗ್ಗಿನಲ್ಲಿ ಹಾರಿಸಿ ನೋಡಿ. ಕಂಪ್ಯೂಟರಿಗೆ ಹೆಚ್ಚು ಹೊರೆ ಬೀಳುವುದು ಅಲ್ಲಿ. ಚಿತ್ರ ನಡುಗದಿದ್ದರೆ, ವಿಮಾನದ ಮೀಟರುಗಳ ಅಂಕಿ ಸ್ಪಷ್ಟವಾಗಿ ಕಾಣುವಷ್ಟು ರೆಸಲ್ಯೂಷನ್ ಏರಿಸಿ. ಮೋಡ, ನೆರಳು, ಮರಗಳ ಸರದಿ ಕೊನೆಗೆ, ಒಂದೊಂದಾಗಿ. ಯಾವುದನ್ನು ಏರಿಸಿದಾಗ ಚಿತ್ರ ತಡವರಿಸುತ್ತದೋ ಅದನ್ನು ಹಿಂದಕ್ಕೆ ಇಳಿಸಿ. ಕ್ಯಾಮೆರಾ ಕುಲುಕಾಟವನ್ನು ನಿಲ್ಲಿಸಿಬಿಡಿ.

ಎರಡು ಕಣ್ಣುಪಾಪೆಗಳ ನಡುವಿನ ಅಂತರವನ್ನೂ ಹೊಂದಿಸಬೇಕು. ದೊಡ್ಡವರಲ್ಲಿ ಇದು ಸರಾಸರಿ 63 ಮಿಲಿಮೀಟರ್, ಮಕ್ಕಳಲ್ಲಿ ಕಡಿಮೆ. ಕನ್ನಡಕದ ಅಂಗಡಿಯಲ್ಲಿ ಅಳೆದು ಹೇಳುತ್ತಾರೆ. ಇದು ತಪ್ಪಿದರೆ ಕಣ್ಣು ದಣಿದು ತಲೆನೋವು ಬರುತ್ತದೆ.

ಪಾಲಿಸಬೇಕಾದ ನಿಯಮಗಳು

ಮೊದಲ ವಾರ ಒಮ್ಮೆಗೆ 10 ನಿಮಿಷ ಸಾಕು. ಅಭ್ಯಾಸವಾದಂತೆ ಮಿದುಳು ಹೊಂದಿಕೊಳ್ಳುತ್ತದೆ. ಆದರೆ ಹೊಟ್ಟೆ ತೊಳಸತೊಡಗಿದ ಮೇಲೂ ಹಟ ಹಿಡಿದು ಕೂರುವುದು ಅಭ್ಯಾಸವಲ್ಲ; ತಕ್ಷಣ ಹೆಡ್‌ಸೆಟ್ ಕಳಚಿ, ದೂರದ ಸ್ಥಿರ ವಸ್ತುವನ್ನು ನೋಡಿ. ಮುಖಕ್ಕೆ ಫ್ಯಾನಿನ ಗಾಳಿ ಬರುವಂತೆ ಕುಳಿತರೆ ಹಿತ. ಬಸ್ಸಿನ ಚಾಲಕನಿಗೆ ಮುಂದಿನ ತಿರುವು ಗೊತ್ತಿರುವುದರಿಂದ ವಾಂತಿ ಬರುವುದು ಅಪರೂಪ. ಹಾಗೆಯೇ ಇಲ್ಲಿ ಸುಮ್ಮನೆ ನೋಡುವವರಿಗಿಂತ ವಿಮಾನ ನಡೆಸುವವರಿಗೆ ತೊಂದರೆ ಕಡಿಮೆ.

ಪ್ರಯಾಣದ ವಾಂತಿಗೆ ನುಂಗುವ ಮಾತ್ರೆಗಳು ನಿದ್ದೆ ತರಿಸುತ್ತವೆ. ಆಟಕ್ಕಾಗಿ ಅವನ್ನು ನುಂಗಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಹೆಡ್‌ಸೆಟ್ ತೆಗೆದ ಮೇಲೂ ಕೆಲವರಲ್ಲಿ ಬವಳಿ, ಸಮತೋಲನದ ಏರುಪೇರು ಗಂಟೆಗಟ್ಟಲೆ ಉಳಿಯಬಹುದು. ಇದೇ ಕಾರಣಕ್ಕೆ ಸಿಮ್ಯುಲೇಟರ್ ತರಬೇತಿಯಲ್ಲಿ ಅಸ್ವಸ್ಥರಾದ ಸೈನಿಕ ಪೈಲಟ್‌ಗಳನ್ನು ತಕ್ಷಣ ವಿಮಾನ ಹಾರಿಸಲು ಬಿಡುವುದಿಲ್ಲ. ನಮ್ಮ ಮಲೆನಾಡಿನ ತಿರುವು ರಸ್ತೆಯಲ್ಲಿ, ಅದೂ ಮಳೆಗಾಲದಲ್ಲಿ, ಆಟ ಮುಗಿಸಿದವನೇ ಬೈಕು ಹತ್ತುವುದು ಅಪಾಯಕಾರಿ. ಪೂರ್ಣ ಸುಧಾರಿಸುವವರೆಗೆ ವಾಹನ ಓಡಿಸಬಾರದು, ಅಡಿಕೆ ಮರ ಹತ್ತಬಾರದು.

ಫಿಟ್ಸ್ ಇರುವವರು, ಮೈಗ್ರೇನ್ ಅಥವಾ ಒಳಕಿವಿಯ ತೊಂದರೆಯುಳ್ಳವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಬಳಸದಿರುವುದು ಒಳಿತು. ತಮಾಷೆಗೆಂದು ಅಜ್ಜಿಗೆ ನಿಂತಲ್ಲೇ ಕಟ್ಟಿ ನೋಡಬೇಡಿ. ಒಮ್ಮೆ ಬಿದ್ದರೆ ಸೊಂಟದ ಮೂಳೆ ಮುರಿದೀತು. ತಲೆಸುತ್ತು ಮರುದಿನವೂ ಉಳಿದರೆ, ಕಿವಿ ಮಂದವಾದರೆ, ವಸ್ತುಗಳು ಎರಡೆರಡಾಗಿ ಕಂಡರೆ ಅದನ್ನು ಆಟದ ಮೇಲೆ ಹಾಕಿ ಸುಮ್ಮನಿರದೆ ವೈದ್ಯರಿಗೆ ತೋರಿಸಿ.