ಪಿಂಚಣಿ ಸೋರುವುದು ಎಲ್ಲಿ? ಏಳು ನಂಬಿಕೆ, ಏಳು ಸತ್ಯ

ಹಾನಗಲ್ಲಿನಲ್ಲಿ ನಿವೃತ್ತರು ನಾಲ್ಕು ಮಂದಿ ಕೂಡಿದರೆ ಮಾತು ಎರಡೇ ವಿಷಯಕ್ಕೆ ಬಂದು ನಿಲ್ಲುತ್ತದೆ: ಆಸ್ಪತ್ರೆ ಮತ್ತು ಆಸ್ತಿ. ಅಲ್ಲಿ ಸಿಗುವ ಸಲಹೆಯಲ್ಲಿ ಪ್ರೀತಿಗೆ ಕೊರತೆ ಇರುವುದಿಲ್ಲ, ಆದರೆ ಅದರಲ್ಲಿ ಕೆಲವು ತಪ್ಪು ನಂಬಿಕೆಗಳೂ ಸೇರಿಕೊಂಡಿರುತ್ತವೆ. ಪಿಂಚಣಿಯ ರೊಕ್ಕ ಎಷ್ಟೋ ಸಲ ರೋಗಕ್ಕಿಂತ, ವ್ಯಾಜ್ಯಕ್ಕಿಂತ ಇಂಥ ನಂಬಿಕೆಗಳಿಂದಲೇ ಸೋರಿಹೋಗುತ್ತದೆ.

ನಂಬಿಕೆ 1: "ಸೋವಿ ಗುಳಿಗಿ ಕೆಲಸಾ ಮಾಡಂಗಿಲ್ಲ."

ಸತ್ಯ: ಬಿಪಿಯ ಟೆಲ್ಮಿಸಾರ್ಟನ್, ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇವೆಲ್ಲ ಔಷಧದ ಮೂಲ ಹೆಸರುಗಳು. ಒಂದೇ ಔಷಧವನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುತ್ತವೆ. ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧ ಶೇ. 50ರಿಂದ 90ರಷ್ಟು ಕಡಿಮೆ ಬೆಲೆಗೆ ಸಿಗುತ್ತದೆ. ಜಾಹೀರಾತಿನ ಖರ್ಚು ಇಲ್ಲದ್ದರಿಂದ ಬೆಲೆ ಇಳಿದಿದೆ, ಗುಣ ಇಳಿದಿಲ್ಲ. ಕೊಳ್ಳುವಾಗ ಮೂಲ ಹೆಸರು ಮತ್ತು ಮಿಲಿಗ್ರಾಂ ಎರಡೂ ಚೀಟಿಗೆ ಹೊಂದುತ್ತವೆಯೇ ನೋಡಿ. ಥೈರಾಯ್ಡ್, ಮೂರ್ಛೆರೋಗ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ಬದಲಿಸಬೇಡಿ.

ನಂಬಿಕೆ 2: "ಒಂದ್ ಬಾಟ್ಲಿ ಸಲಾಯನ್ ಹಚ್ಚಿಸ್ಕೊಂಡ್ರ ಶಕ್ತಿ ಬರ್ತೈತಿ."

ಸತ್ಯ: ಅರ್ಧ ಲೀಟರ್ ಸಾಮಾನ್ಯ ಸಲಾಯನ್‌ನಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಅದರಲ್ಲಿ ಶಕ್ತಿ ಸೊನ್ನೆ. ಗ್ಲೂಕೋಸ್ ಬಾಟ್ಲಿಯಲ್ಲಿ (ಶೇ. 5ರದ್ದು) 25 ಗ್ರಾಂ ಸಕ್ಕರೆ ಇರುತ್ತದೆ, ಒಂದು ಜೋಳದ ರೊಟ್ಟಿಯ ಬಲ ಅದಕ್ಕಿಂತ ಹೆಚ್ಚು. ವಾಂತಿಭೇದಿಯಿಂದ ಬಸವಳಿದವರಿಗೆ, ಬಾಯಿಂದ ಏನೂ ಇಳಿಯದವರಿಗೆ ಸಲಾಯನ್ ಜೀವ ಉಳಿಸುತ್ತದೆ ನಿಜ. ಆದರೆ ನಡೆದುಕೊಂಡು ದವಾಖಾನೆಗೆ ಹೋಗಿ "ಸ್ವಲ್ಪ ನಿಶ್ಶಕ್ತಿ" ಎಂದು ಹಚ್ಚಿಸಿಕೊಂಡರೆ ಹಣ ದಂಡ. ಹೃದಯ, ಮೂತ್ರಪಿಂಡ ದುರ್ಬಲ ಇರುವ ಹಿರಿಯರಿಗೆ ಹೆಚ್ಚಿನ ನೀರು ಅಪಾಯವನ್ನೂ ತರುತ್ತದೆ. ನಿಶ್ಶಕ್ತಿ ತಿಂಗಳುಗಟ್ಟಲೆ ಇದ್ದರೆ ರಕ್ತಹೀನತೆಯೋ ಸಕ್ಕರೆಯೋ ಥೈರಾಯ್ಡೋ ಎಂದು ಪರೀಕ್ಷೆ ಮಾಡಿಸಿ.

ನಂಬಿಕೆ 3: "ಬಿಪಿ ನಾರ್ಮಲ್ ಐತಿ, ಇನ್ನ ಗುಳಿಗಿ ಯಾಕ?"

ಸತ್ಯ: ಬಿಪಿ ನಾರ್ಮಲ್ ಆಗಿರುವುದೇ ಆ ಗುಳಿಗೆಯಿಂದ. ಬಿಟ್ಟರೆ ಸದ್ದಿಲ್ಲದೆ ಮತ್ತೆ ಏರುತ್ತದೆ. ಹೀಗೆ ಗುಳಿಗೆಯಲ್ಲಿ ಉಳಿಸಿದ ಹಣ ಒಂದು ಪಾರ್ಶ್ವವಾಯುವಿನ ಮೊದಲ ದಿನದ ಖರ್ಚಿಗೂ ಸಾಲದು. ಉಳಿತಾಯವೇ ಬೇಕಿದ್ದರೆ ತಾಲ್ಲೂಕು ಆಸ್ಪತ್ರೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಬಿಪಿ, ಸಕ್ಕರೆಯ ಸಾಮಾನ್ಯ ಮಾತ್ರೆಗಳು ಅಲ್ಲಿ ಉಚಿತ.

ನಂಬಿಕೆ 4: "ನಮ್ದು ಎಪಿಎಲ್ ಕಾರ್ಡ್, ನಮಗ ಏನೂ ಸಿಗಂಗಿಲ್ಲ."

ಸತ್ಯ: 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೂ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ, ಸರ್ಕಾರ ಭರಿಸುತ್ತದೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದಾಗ ಶಿಫಾರಸು ಪತ್ರ ಕೊಡುತ್ತಾರೆ. ಪತ್ರವಿಲ್ಲದೆ ನೇರವಾಗಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆ ಸೇರಿದವರು ಈ ನೆರವು ಕಳೆದುಕೊಳ್ಳುತ್ತಾರೆ.

ನಂಬಿಕೆ 5: "ಮೃತ್ಯುಪತ್ರಕ್ಕ ಸ್ಟ್ಯಾಂಪ್ ಪೇಪರ್ ಬೇಕು, ಸಾವಿರಾರು ಖರ್ಚು."

ಸತ್ಯ: ಮೃತ್ಯುಪತ್ರಕ್ಕೆ ಮುದ್ರಾಂಕ ಶುಲ್ಕವೇ ಇಲ್ಲ. ಬಿಳಿ ಹಾಳೆಯಲ್ಲಿ ಕೈಯಿಂದ ಬರೆದರೂ ನಡೆಯುತ್ತದೆ. ಬರೆದವರ ಸಹಿಯನ್ನು ಕಂಡ ಇಬ್ಬರು ಸಾಕ್ಷಿಗಳು ಸಹಿ ಮಾಡಿರಬೇಕು, ಅಷ್ಟೇ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದಿನ ತಕರಾರು ಕಡಿಮೆ. ಬದುಕಿರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು, ಕೊನೆಯದೇ ಊರ್ಜಿತ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಬರೆಯಲು ಬರುವುದಿಲ್ಲ.

ನಾಮಿನಿ ಹೆಸರು ಹಾಕಿಸಿದ್ದೇನೆ, ಮೃತ್ಯುಪತ್ರ ಯಾಕೆ ಎನ್ನುವವರೂ ಇದ್ದಾರೆ. ಬ್ಯಾಂಕ್ ಠೇವಣಿಯನ್ನು ನಾಮಿನಿ ಪಡೆದುಕೊಳ್ಳಬಹುದು, ಆದರೆ ಅಷ್ಟರಿಂದಲೇ ಆತ ಅದರ ಒಡೆಯನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದ್ದರಿಂದ ಎರಡನ್ನೂ ಹೊಂದಿಸಿ ಬರೆಸಿ.

ನಂಬಿಕೆ 6: "ಮಗನ ಹೆಸರಿಗೆ ಬರದ ಕೊಟ್ಟ ಮ್ಯಾಲ ಮುಗೀತು."

ಸತ್ಯ: ಮುಗಿಯುವುದೂ ಉಳಿಯುವುದೂ ಪತ್ರದಲ್ಲಿ ಏನು ಬರೆಸಿದ್ದೀರಿ ಎಂಬುದರ ಮೇಲಿದೆ. ಹಿರಿಯ ನಾಗರಿಕರ ರಕ್ಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದಿದ್ದರೆ ಆ ಬಕ್ಷೀಸು ಪತ್ರ ರದ್ದಾಗಬಹುದು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತು ಇರಲೇಬೇಕು ಎಂದಿತು. 2025ರ ಜನವರಿಯಲ್ಲಿ ತಾಯಿಯೊಬ್ಬರಿಗೆ ಆಸ್ತಿಯನ್ನು ಮರಳಿ ಕೊಡಿಸಿತು. ಆದ್ದರಿಂದ "ನಮ್ಮನ್ನು ಕೊನೆತನಕ ನೋಡಿಕೊಳ್ಳತಕ್ಕದ್ದು" ಎಂಬ ಒಂದು ಸಾಲನ್ನು ಬರೆಸದೆ ಸಹಿ ಹಾಕಬೇಡಿ. ಹಾನಗಲ್, ಶಿಗ್ಗಾಂವಿ, ಸವಣೂರಿನವರು ಸವಣೂರಿನ ಉಪವಿಭಾಗಾಧಿಕಾರಿಗೆ, ಹಿರೇಕೆರೂರಿನವರು ಹಾವೇರಿಯ ಉಪವಿಭಾಗಾಧಿಕಾರಿಗೆ ವಕೀಲರಿಲ್ಲದೆ ತಾವೇ ಅರ್ಜಿ ಕೊಡಬಹುದು. ಮಕ್ಕಳಿಂದ ತಿಂಗಳ ಜೀವನಾಂಶವನ್ನೂ ಅಲ್ಲೇ ಕೇಳಬಹುದು.

ನಂಬಿಕೆ 7: "ಕೋರ್ಟ್ ಹತ್ತಿದ್ರ ಮನಿ ಮಾರಬೇಕು."

ಸತ್ಯ: ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ, ಉಳಿದ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ನಡೆಯುತ್ತಿರುವ ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು ಬರುತ್ತದೆ. ಅಲ್ಲಿಯ ರಾಜಿಗೆ ಮೇಲ್ಮನವಿ ಇಲ್ಲ, ಹಾಗಾಗಿ ಪೂರ್ತಿ ಓದಿಸಿಕೊಂಡೇ ಸಹಿ ಮಾಡಿ.

ಈ ವಾರ ಮೂರು ಕೆಲಸ ಮಾಡಿ. ಔಷಧದ ಚೀಟಿಯಲ್ಲಿ ಮೂಲ ಹೆಸರನ್ನು ವೈದ್ಯರಿಂದ ಬರೆಸಿಕೊಳ್ಳಿ. ಪಾಸ್‌ಬುಕ್ ತೆಗೆದು ನಾಮಿನಿ ಯಾರೆಂದು ನೋಡಿ. ಮನೆಯ ಕಾಗದಪತ್ರ ಎಲ್ಲಿವೆ ಎಂಬುದನ್ನು ಹೆಂಡತಿಗೋ ಗಂಡನಿಗೋ ತೋರಿಸಿ. ಮೂರಕ್ಕೂ ಒಂದು ರೂಪಾಯಿ ಖರ್ಚಿಲ್ಲ. ಮೂವತ್ತು ವರ್ಷ ದುಡಿದು ಗಳಿಸಿದ್ದನ್ನು ಕಾಯುವುದು ಇಲ್ಲಿಂದಲೇ ಶುರುವಾಗುತ್ತದೆ.